ಪೊಲೀಸರಿಗೆ ಸಂಘ: ಸೇವೆಯಲ್ಲಿರುವವರಿಗೆ ಯಾಕಿಲ್ಲ, ನಿವೃತ್ತರು ಹೇಗೆ ಕಟ್ಟಬೇಕು?

ಓದುಗರ ಪತ್ರ: ನಮ್ಮ ಯಜಮಾನರು ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಮಗ ಈಗ ಕಾನ್‌ಸ್ಟೆಬಲ್. ಕೇರಳದ ಪೊಲೀಸರಿಗೆ ಸಂಘವಿದೆಯಂತೆ, ನಮ್ಮವರಿಗೆ ಯಾಕಿಲ್ಲ? ಮಗನ ಬ್ಯಾಚಿನವರು ವಾಟ್ಸಾಪಿನಲ್ಲೇ ಸಂಘ ಕಟ್ಟುವ ಮಾತಾಡುತ್ತಿದ್ದಾರೆ. ಯಜಮಾನರು ಮತ್ತು ಅವರ ಗೆಳೆಯರು ತಾಲ್ಲೂಕಿನಲ್ಲಿ ನಿವೃತ್ತರ ಸಂಘ ಮಾಡಿ, ಸದಸ್ಯರು ತೀರಿಕೊಂಡಾಗ ಮನೆಯವರಿಗೆ ಹಣ ಕೊಡಬೇಕು, ಊರಿನವರಿಗೂ ನೆರವಾಗಬೇಕು ಅಂತಿದ್ದಾರೆ. ಪೇಟೆಯಲ್ಲಿ ಚಂದಾ ಎತ್ತಬಹುದೇ?

ಸಂಪಾದಕರ ಉತ್ತರ:

ತಾಯಿ, ನಿಮ್ಮ ಹೆಸರು, ಊರು, ಮಗನ ಠಾಣೆ ಯಾವುದನ್ನೂ ಅಚ್ಚು ಹಾಕಿಲ್ಲ. ಅದಕ್ಕೆ ಕಾರಣವಾದ ಕಾನೂನೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ. ಸಂವಿಧಾನದ 33ನೇ ವಿಧಿಯ ಬಲದಿಂದ ಸಂಸತ್ತು 1966ರಲ್ಲಿ ಪೊಲೀಸ್ ಪಡೆಗಳ ಹಕ್ಕುಗಳನ್ನು ನಿರ್ಬಂಧಿಸುವ ಕಾಯ್ದೆ ಮಾಡಿತು. ಅದರ 3ನೇ ಕಲಮಿನ ಪ್ರಕಾರ ಸೇವೆಯಲ್ಲಿರುವ ಪೊಲೀಸರು ಅನುಮತಿಯಿಲ್ಲದೆ ಕಾರ್ಮಿಕ ಸಂಘಕ್ಕಾಗಲಿ ರಾಜಕೀಯ ಸಂಘಟನೆಗಾಗಲಿ ಸೇರುವಂತಿಲ್ಲ. ಕರ್ತವ್ಯದ ಭಾಗವಾಗಿ ಅಥವಾ ಸಾಹಿತ್ಯ, ಕಲೆ, ವಿಜ್ಞಾನದ ಬರಹವಾಗಿ ಹೊರತು ಪತ್ರಿಕೆಗೂ ಬರೆಯುವಂತಿಲ್ಲ. ತಪ್ಪಿದರೆ ಎರಡು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ದೆಹಲಿ ಪೊಲೀಸರ ಸಂಘವೊಂದು ಇದನ್ನು ಪ್ರಶ್ನಿಸಿತ್ತು. 1986ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನೇ ಎತ್ತಿಹಿಡಿಯಿತು.

ಕೇರಳದಲ್ಲಿ 1979ರಿಂದ ಸಂಘವಿರುವುದು ಸರ್ಕಾರದ ಮಾನ್ಯತೆಯಿಂದ. ಕೊಟ್ಟ ಮಾನ್ಯತೆಯನ್ನು ಹಿಂದಕ್ಕೆ ಪಡೆಯಲೂಬಹುದು: 1982ರ ಆಗಸ್ಟ್‌ನಲ್ಲಿ ಮುಂಬೈ ಪೊಲೀಸರ ಮುಷ್ಕರವಾದಾಗ ಮಹಾರಾಷ್ಟ್ರದಲ್ಲಿ ಹಾಗೇ ಆಯಿತು. ನಮ್ಮಲ್ಲಿ 2016ರ ಜೂನ್ 4ಕ್ಕೆ ಪೊಲೀಸರಿಗೆ ಕೊಟ್ಟಿದ್ದ ಸಾಮೂಹಿಕ ರಜೆಯ ಕರೆ ವಿಫಲವಾದದ್ದು ನಿಮ್ಮ ಮನೆಯಲ್ಲೇ ಗೊತ್ತಿರುತ್ತದೆ. ಸಂಬಳ, ವಾರದ ರಜೆ, ಕ್ವಾರ್ಟರ್ಸ್ ಬಗ್ಗೆ ಕೆಳಹಂತದ ಪೊಲೀಸರು ಮಾತಾಡಲು ಮಾನ್ಯತೆ ಪಡೆದ ವೇದಿಕೆ ಬೇಕೇ ಬೇಕು, ಸರ್ಕಾರ ಅದನ್ನು ಕೊಡಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಆದರೆ ಅದು ಬರುವವರೆಗೆ ವಾಟ್ಸಾಪ್ ಗುಂಪಿಗೆ ಸಂಘವೆಂದು ಹೆಸರಿಟ್ಟು, ಪದಾಧಿಕಾರಿಗಳನ್ನು ಆರಿಸಿ, ಬೇಡಿಕೆ ಪಟ್ಟಿ ಹರಿಯಬಿಟ್ಟರೆ ಪ್ರತಿಯೊಂದು ಸಂದೇಶವೂ ಇಲಾಖಾ ವಿಚಾರಣೆಗೆ ಸಾಕ್ಷಿಯಾಗುತ್ತದೆ. ಮಗನಿಗೆ ಇಷ್ಟನ್ನು ದಯವಿಟ್ಟು ತಿಳಿಸಿ. ಮನೆಯವರಿಗೆ 1966ರ ಕಾಯ್ದೆ ಅನ್ವಯಿಸದು, ನಿಜ. ಆದರೆ ಪೊಲೀಸರನ್ನು ಕರ್ತವ್ಯ ಬಿಡುವಂತೆ ಪ್ರಚೋದಿಸುವ ಯಾರಿಗೇ ಆಗಲಿ 1922ರ ಇನ್ನೊಂದು ಕಾಯ್ದೆ ಇದೆ.

ಯಜಮಾನರ ಯೋಜನೆಗೆ ಈ ಅಡ್ಡಿಗಳಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ವಯಸ್ಕರು ಸೇರಿದರೆ ಸಾಕು. ಉದ್ದೇಶಗಳ ಪತ್ರ ಮತ್ತು ಬೈಲಾ ಬರೆದು ಜಿಲ್ಲಾ ನೋಂದಣಾಧಿಕಾರಿಗೆ, ಅಂದರೆ ಸಹಕಾರ ಇಲಾಖೆಯ ಕಚೇರಿಗೆ ಕೊಡಬೇಕು. ಹೆಸರಿನಲ್ಲಿ ‘ನಿವೃತ್ತ’ ಎಂಬುದು ಎದ್ದು ಕಾಣಲಿ, ಲೆಟರ್‌ಹೆಡ್ಡಿನಲ್ಲಿ ಇಲಾಖೆಯ ಲಾಂಛನ ಬೇಡ. ಸೇವೆಯಲ್ಲಿರುವವರನ್ನು ಸದಸ್ಯರಾಗಿ ಸೇರಿಸಬೇಡಿ, ಮಗನನ್ನೂ. ಹೆಚ್ಚಿನ ಸಂಘಗಳು ಸೊರಗುವುದು ನೋಂದಣಿಯ ಮರುವರ್ಷ. ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಲ್ಲಿಸಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ. ಆ ಕೆಲಸವನ್ನು ಕಾರ್ಯದರ್ಶಿಯ ಹೆಸರು ಹಾಕಿಯೇ ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ಮರಣ ಸಹಾಯ ನಿಧಿಯ ವಿಚಾರ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ‘ಒಬ್ಬರು ತೀರಿಕೊಂಡರೆ ಉಳಿದವರೆಲ್ಲ 500 ರೂಪಾಯಿ’ ಎಂಬ ಲೆಕ್ಕ ಮೊದಲು ಚೆನ್ನಾಗಿ ಕಾಣುತ್ತದೆ. 120 ಜನರಿದ್ದರೆ ಸುಮಾರು 60,000 ರೂಪಾಯಿ ಕೂಡುತ್ತದೆ. ಆದರೆ ಎಲ್ಲರೂ ಅರವತ್ತು ದಾಟಿದವರು. ವರ್ಷಕ್ಕೆ ಆರು ಸಾವಾದರೆ ತಲೆಗೆ 3,000 ಬೀಳುತ್ತದೆ, ಕೆಲವರು ಕೊಡುವುದನ್ನು ನಿಲ್ಲಿಸುತ್ತಾರೆ. ಮೊದಲ ಮನೆಗೆ 60,000 ಸಿಕ್ಕಿ ಏಳನೆಯ ಮನೆಗೆ 30,000 ಸಿಕ್ಕರೆ ಜಗಳ ಶುರು. ಅದರ ಬದಲು ಎಲ್ಲರೂ ತಿಂಗಳಿಗೆ 100 ರೂಪಾಯಿ ಕೊಡಲಿ. ವರ್ಷಕ್ಕೆ 1,44,000 ಆಗುತ್ತದೆ. ಸಹಾಯಧನ 15,000 ಎಂದಿಟ್ಟುಕೊಂಡರೆ ಆರು ಮನೆಗೆ 90,000 ಕೊಟ್ಟೂ 54,000 ಉಳಿಯುತ್ತದೆ, ಅದು ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಲಿ. ಮೊತ್ತ ಏರಿಸುವುದನ್ನು ಮೂರು ವರ್ಷದ ಅನುಭವ ನೋಡಿ ತೀರ್ಮಾನಿಸಿ. ಇದು ವಿಮೆಯಲ್ಲ, ನಿಧಿಯಲ್ಲಿ ಹಣವಿದ್ದಷ್ಟು ಕೊಡುವ ಸಹಾಯ ಎಂದು ಬೈಲಾದಲ್ಲಿ ಸ್ಪಷ್ಟವಾಗಿರಬೇಕು. ಹೊಸದಾಗಿ ಸೇರಿದವರಿಗೆ ಆರು ತಿಂಗಳು ಕಾಯುವ ಅವಧಿ ಇಡಿ. ನಾಮಿನಿ ಅರ್ಜಿಗೆ ಇಬ್ಬರು ಸಾಕ್ಷಿಗಳು ಸಹಿ ಮಾಡಲಿ, ಪ್ರತಿ ಮಹಾಸಭೆಯಲ್ಲೂ ಅದನ್ನು ತೆಗೆದು ನೋಡಿ. ಚೆಕ್ಕಿಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಇಬ್ಬರ ಸಹಿ ಬೇಕೆಂದಿರಲಿ. ಉಳಿದ ಹಣವನ್ನು ಸದಸ್ಯರಿಗೆ ಬಡ್ಡಿಗೆ ಕೊಡುವ ಆಸೆ ಖಂಡಿತ ಹುಟ್ಟುತ್ತದೆ, ಬೇಡ. ಠೇವಣಿ ಪಡೆದು ಸಾಲ ಕೊಡಬೇಕೆಂದರೆ 1959ರ ಸಹಕಾರ ಸಂಘಗಳ ಕಾಯ್ದೆಯಡಿ ಪತ್ತಿನ ಸಂಘವನ್ನೇ ಬೇರೆಯಾಗಿ ಮಾಡಬೇಕು.

ಹಣದಷ್ಟೇ ಬೆಲೆಯುಳ್ಳದ್ದು ಕಾಗದಪತ್ರದ ನೆರವು. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ತಡವಾಗುವುದಕ್ಕೆ ಒಂದು ಮುಖ್ಯ ಕಾರಣ, ಸೇವಾ ಪುಸ್ತಕದಲ್ಲಿ ಹೆಂಡತಿಯ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇರುವುದು. ಇದನ್ನು ಸದಸ್ಯರು ಬದುಕಿರುವಾಗಲೇ ಸರಿಪಡಿಸಿಸಿ. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡುವಾಗಲೇ ಎಲ್ಲರ ದಾಖಲೆ ಹೋಲಿಸಿ ನೋಡಿದರೆ ಕೆಲಸ ಸುಲಭ.

ಊರಿನವರಿಗೆ ನಿವೃತ್ತ ಪೊಲೀಸರು ಕೊಡಬಹುದಾದ ದೊಡ್ಡ ನೆರವು ದೂರು ಬರೆದುಕೊಡುವುದು. ವಾರಕ್ಕೆರಡು ಸಂಜೆ ಕೂತರೆ ಸಾಕು. ಘಟನೆ ನಡೆದ ಜಾಗ ಯಾವ ಠಾಣೆಗೇ ಸೇರಿರಲಿ, ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಅದು ಇದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್ಪಿಯವರಿಗೆ ಕಳಿಸಬಹುದು. ಆನ್‌ಲೈನ್ ವಂಚನೆಯಾದರೆ ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಅದೇ ದಾರಿ. ಒಂದು ಗೆರೆ ಮಾತ್ರ ದಾಟಬಾರದು: ದೂರು ಬರೆದುಕೊಟ್ಟವರು ಠಾಣೆಗೆ ಜೊತೆಯಲ್ಲಿ ಹೋಗಿ ರಾಜಿ ಮಾಡಿಸಲು ನಿಲ್ಲಬಾರದು. ನಿಂತರೆ ಆರು ತಿಂಗಳಲ್ಲಿ ಜನ ಅವರನ್ನು ದಲ್ಲಾಳಿ ಎನ್ನುತ್ತಾರೆ.

ಚಂದಾದ ಬಗ್ಗೆ: ಪೇಟೆಯಲ್ಲಿ ಅಂಗಡಿ ಅಂಗಡಿಗೆ ಹೋಗಬೇಡಿ. ಪೊಲೀಸ್ ಹೆಸರು ಕೇಳಿದ ಅಂಗಡಿಯವರು ಕೊಡುವುದು ಮನಸ್ಸಿನಿಂದಲೋ ಭಯದಿಂದಲೋ ಹೇಳಲಾಗದು. ತಾವಾಗಿ ಕೊಡುವವರಿಂದ ಬ್ಯಾಂಕ್ ಮೂಲಕ ಪಡೆದು, ಕ್ರಮಸಂಖ್ಯೆಯ ರಸೀದಿ ಕೊಡಿ. ಠಾಣೆಯಲ್ಲಿ ಪ್ರಕರಣ ಬಾಕಿ ಇರುವವರ ಹಣ ಬೇಡ. ದಾನಿಗಳಿಗೆ ಸಂಘದ ಗುರುತಿನ ಚೀಟಿಯನ್ನಾಗಲಿ, ವಾಹನಕ್ಕೆ ಅಂಟಿಸುವ ‘ಪೊಲೀಸ್’ ಸ್ಟಿಕ್ಕರನ್ನಾಗಲಿ ಯಾವ ಕಾರಣಕ್ಕೂ ಕೊಡಬೇಡಿ.