ಪೂರಿ ಬೇಕು ಅಂದವರು ಯಾರು?

ರಾಜಾಜಿನಗರದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಹೆಂಡತಿಗೆ ಆರು ವರ್ಷದಿಂದ ಶುಗರ್. ಡಾಕ್ಟರು ಕೊಟ್ಟ ಡಯೆಟ್ ಚೀಟಿಯನ್ನು ಫ್ರಿಜ್‌ಗೆ ಅಂಟಿಸಿದ್ದೇನೆ. ಆದರೂ ಭಾನುವಾರ ಪೂರಿ-ಸಾಗು ಮಾಡಿ, ನಮಗೆಲ್ಲ ಬಡಿಸಿ, ಕೊನೆಗೆ ತಾನೂ ಮೂರು ತಿನ್ನುತ್ತಾಳೆ. ವಾಕಿಂಗ್ ಅಂದರೆ ಮಂಡಿನೋವು ಅನ್ನುತ್ತಾಳೆ. ಇಂಥವರು ಮನಸ್ಸು ಗಟ್ಟಿ ಮಾಡಿಕೊಳ್ಳುವಂತೆ ಒಂದು ಲೇಖನ ಹಾಕಿ."

ಸ್ವಾಮಿ, ನಿಮ್ಮ ಕಾಳಜಿ ದೊಡ್ಡದು, ಅಕ್ಷರವೂ ಮುದ್ದಾಗಿದೆ. ಮನಸ್ಸು ಗಟ್ಟಿ ಇರಬೇಕು ಅನ್ನುವುದೂ ನಿಜ. ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. 'ನಮಗೆಲ್ಲ ಬಡಿಸಿ' ಅಂದಿದ್ದೀರಿ. ಪೂರಿ ಬೇಕು ಅಂದವರು ಯಾರು? ಶುಗರ್ ಇರುವವರನ್ನೇ ಬಾಣಲೆ ಮುಂದೆ ನಿಲ್ಲಿಸಿ, ನೀನು ಮಾತ್ರ ತಿನ್ನಬೇಡ ಅಂದರೆ ಹೇಗೆ? ನಮ್ಮ ಮನೆಗಳಲ್ಲಿ ಹೆಂಗಸರು ಊಟಕ್ಕೆ ಕೂರುವುದೇ ಕೊನೆಗೆ. ಅಷ್ಟೊತ್ತಿಗೆ ಹುಳಿಯಲ್ಲಿದ್ದ ಹೋಳೆಲ್ಲ ಖಾಲಿ, ಪಲ್ಯದ ಪಾತ್ರೆಯಲ್ಲಿ ಒಗ್ಗರಣೆ ಸಾಸಿವೆ ಮಾತ್ರ. ಉಳಿದಿರುವುದು ಅನ್ನ. ಚೆಲ್ಲೋಕೆ ಮನಸ್ಸು ಬಾರದೆ ಅದನ್ನೇ ಕಲಸಿಕೊಳ್ಳುತ್ತಾರೆ. ನಿಮ್ಮ ಚೀಟಿಯಲ್ಲಿ 'ತರಕಾರಿ ಜಾಸ್ತಿ, ಅನ್ನ ಕಮ್ಮಿ' ಅಂತಲೇ ಇರುತ್ತದೆ, ಅಲ್ವಾ?

ಟೈಪ್ ಟೂ ಶುಗರ್ (ಹೆಚ್ಚಾಗಿ ದೊಡ್ಡವರಿಗೆ ಬರುವ ಮಾಮೂಲಿ ಬಗೆ) ಇರುವವರ ಊಟ ಕಮ್ಮಿ ಮಾಡಿ ನೋಡಿದ ಬ್ರಿಟನ್ನಿನ 'ಡೈರೆಕ್ಟ್' ಅಧ್ಯಯನದ ಫಲಿತಾಂಶ 2017ರ ಕೊನೆಯಲ್ಲಿ ಬಂತು. ಮೊದಲ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ, ಆಮೇಲೆ ನಿಧಾನವಾಗಿ ಮಾಮೂಲಿ ಊಟ. ವರ್ಷ ಕಳೆಯುವಾಗ ನೂರಕ್ಕೆ 46 ಮಂದಿಯ ಶುಗರ್, ಮಾತ್ರೆ ಇಲ್ಲದೆಯೇ, ಕಾಯಿಲೆಯ ಮಟ್ಟದಿಂದ ಕೆಳಗಿತ್ತು. ಮಾಮೂಲಿ ಚಿಕಿತ್ಸೆಯವರಲ್ಲಿ ಬರೀ 4. ಎಲ್ಲರೂ ಕ್ಯಾಲೊರಿ ಲೆಕ್ಕವನ್ನೇ ಹೇಳುತ್ತಾರೆ. ನರ್ಸೋ ಆಹಾರ ತಜ್ಞರೋ ಅಧ್ಯಯನದಲ್ಲಿದ್ದವರನ್ನು ಮತ್ತೆ ಮತ್ತೆ ಕರೆದು, ಕೂರಿಸಿ ಮಾತಾಡಿದ್ದನ್ನು ಯಾರೂ ಹೇಳುವುದಿಲ್ಲ. (ಹಾಗಂತ ನಾಳೆಯೇ ಮನೆಯವರನ್ನು ಉಪವಾಸ ಕೆಡವಬೇಡಿ. ಇನ್ಸುಲಿನ್ ತಗೊಳ್ಳುವವರನ್ನು ಅದರಲ್ಲಿ ಸೇರಿಸಿಯೇ ಇರಲಿಲ್ಲ. ಕೆಲವು ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಇಳಿದು ತಲೆ ಸುತ್ತುತ್ತದೆ.)

ನಮ್ಮಲ್ಲಿ? ಬಂಧುವೊಬ್ಬರ ಜೊತೆ ನಾನೊಮ್ಮೆ ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರು ರಿಪೋರ್ಟ್ ನೋಡಿ "ಅನ್ನ ಬಿಡಿ, ವಾಕ್ ಮಾಡಿ" ಅಂದರು. ಮುಂದಿನ ಟೋಕನ್ ಕೂಗಿಯೂ ಆಯಿತು. ಅನ್ನದ ಬದಲು ಏನು, ಎಷ್ಟು ಅಂತ ಕೇಳುವಷ್ಟರಲ್ಲಿ ನಾವು ಬಾಗಿಲ ಹೊರಗೆ. ಪಾಪ, ಆಕೆ ಅವತ್ತಿನಿಂದ ದಿನಾ ಎರಡೆರಡು ಮುದ್ದೆ ಶುರು ಮಾಡಿದರು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಚೆನ್ನಾಗಿದೆ. ಆದರೆ ಅದೂ ಬಹುಪಾಲು ಪಿಷ್ಟವೇ ಅಂತ ಆಕೆಗೆ ಯಾರು ಹೇಳಬೇಕಿತ್ತು?

ಇನ್ನು ವಾಕಿಂಗ್. ಬೆಳಿಗ್ಗೆ ಲಾಲ್‌ಬಾಗ್ ಸುತ್ತಿ, ಗೇಟಿನ ಹೊರಗೆ ಹಾಗಲಕಾಯಿ ಜ್ಯೂಸ್ ಕುಡಿದು, ಆ ಧೈರ್ಯದ ಮೇಲೆ ಮಸಾಲೆ ದೋಸೆಗೆ ಹೋಗುವವರೇ ವಾಕಿಂಗ್ ಮಾಡುವವರು ಅಂತ ನಾವು ತಿಳಿದುಬಿಟ್ಟಿದ್ದೇವೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಟೈಪ್ ಟೂ ಇರುವವರಲ್ಲೇ ನೋಡಿದರು. ದಿನಕ್ಕೊಮ್ಮೆ ಅರ್ಧ ಗಂಟೆ ನಡೆಯುವುದಕ್ಕಿಂತ ಪ್ರತಿ ಊಟದ ನಂತರ ಹತ್ತು ನಿಮಿಷ ನಡೆದಾಗ ಊಟದ ಮೇಲಿನ ಶುಗರ್ ಕಮ್ಮಿ ಬಂತು. ರಾತ್ರಿ ಊಟದ ನಂತರವಂತೂ ಶೇ. 22ರಷ್ಟು ಕಮ್ಮಿ. ಕೆಲಸ ಮಾಡುವ ಮಾಂಸಖಂಡ ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಹತ್ತು ನಿಮಿಷವನ್ನು ನೋಯುವ ಮಂಡಿಯೂ ತಡೆದೀತು, ಜೊತೆಗೆ ನೀವಿದ್ದರೆ. ಊಟ ಆದ ಕೂಡಲೇ ಟೀವಿ ಹಾಕಬೇಡಿ. ಪಾತ್ರೆ ಬೆಳಗ್ಗೆ ತೊಳೆದರಾಯಿತು, ಅಥವಾ ನೀವೇ ತೊಳೆಯಿರಿ.

ಎಲ್ಲಿ ನಡೆಯೋದು ಅಂತೀರಾ? ಅದು ನ್ಯಾಯವಾದ ಪ್ರಶ್ನೆ. ಈ ಊರಿನ ಫುಟ್‌ಪಾತ್ ಮೇಲೆ ಒಂದು ಕಡೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಡೆ ಬೈಕ್. ನಡುವೆ ಬಾಯಿ ತೆರೆದ ಚಪ್ಪಡಿ. ರಾತ್ರಿ ಒಂಬತ್ತಕ್ಕೆ ಸೀರೆ ಉಟ್ಟ, ಮಂಡಿ ನೋಯುವ ಹೆಂಗಸು ಅಲ್ಲಿ ಹೇಗೆ ನಡೆಯಬೇಕು? ಕೋಟಿಗಟ್ಟಲೆ ಸುರಂಗ ರಸ್ತೆಯ ಮಾತಾಡುತ್ತೇವೆ, ಬೀದಿಯಲ್ಲಿ ನೂರು ಮೀಟರ್ ಸಪಾಟು ನೆಲ ಕೊಡೋಕೆ ಆಗಲ್ಲ. ಇದರ ಬಗ್ಗೆ ನಿಮ್ಮ ವಾರ್ಡ್ ಆಫೀಸಿಗೆ ಒಂದು ಪತ್ರ ಬರೆಯಿರಿ. ನಕಲು ನಮಗೂ ಕಳಿಸಿ, ಅದನ್ನು ಖಂಡಿತ ಹಾಕುತ್ತೇವೆ.