ಚಪ್ಪೆ ಬೇನೆ ಬಂದ ದನದ ತೊಡೆ ಒತ್ತಿದರೆ ಚರಚರ ಸದ್ದು ಏಕೆ? ಮನುಷ್ಯರಿಗೂ ಹೀಗಾಗುತ್ತದೆಯೇ?

ಸದ್ದು ಬರುವುದು ಚರ್ಮದಡಿ ಸಿಕ್ಕಿಕೊಂಡ ಅನಿಲದ ಗುಳ್ಳೆಗಳಿಂದ. ಕ್ಲಾಸ್ಟ್ರಿಡಿಯಂ ಶೋವಿಯೈ ಎಂಬ ಬ್ಯಾಕ್ಟೀರಿಯಾ ಸ್ನಾಯುವನ್ನು ಕೊಳೆಸುತ್ತ ಈ ಅನಿಲವನ್ನು ಬಿಡುತ್ತದೆ. ಇದಕ್ಕೆ ಆಮ್ಲಜನಕ ಆಗದು. ಗಟ್ಟಿ ಕವಚದ ಬೀಜಾಣುವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಮೇವಿನೊಂದಿಗೆ ಒಡಲು ಸೇರಿ, ಪೆಟ್ಟು ಬಿದ್ದು ರಕ್ತ ಸರಿಯಾಗಿ ಹರಿಯದ ಸ್ನಾಯುವಿನಲ್ಲಿ ಚಿಗುರುತ್ತದೆ. 6 ತಿಂಗಳಿಂದ 2 ವರ್ಷದ, ಮೈತುಂಬಿದ ಕರುಗಳಿಗೇ ಹೆಚ್ಚು.

ಜ್ವರ, ಕುಂಟು ಕಂಡ ಕೂಡಲೇ ಪಶುವೈದ್ಯರು ಹೆಚ್ಚಿನ ಪ್ರಮಾಣದ ಪೆನಿಸಿಲಿನ್ ಕೊಟ್ಟರೆ ಉಳಿಯಬಹುದು. ತಡವಾದರೆ ಸಾಮಾನ್ಯವಾಗಿ 12ರಿಂದ 48 ಗಂಟೆಯೊಳಗೆ ಸಾವು. ಹಾಗಾಗಿ ಶಿರಸಿಯಂಥ ಮಳೆಸೀಮೆಯಲ್ಲಿ ಪ್ರತಿವರ್ಷ ಮೇ ತಿಂಗಳೊಳಗೇ ಲಸಿಕೆ ಹಾಕಿಸಿ. ಸತ್ತ ದನವನ್ನು ದಯವಿಟ್ಟು ಕೊಯ್ಯಬೇಡಿ, ಬೀಜಾಣು ಮತ್ತೆ ಮಣ್ಣಿಗೇ ಸೇರುತ್ತದೆ. ಸುಣ್ಣ ಹಾಕಿ ಆಳವಾಗಿ ಹೂಳಿ.

ಮನುಷ್ಯರಲ್ಲಿ ಇದನ್ನೇ ಹೋಲುವುದು ಗ್ಯಾಸ್ ಗ್ಯಾಂಗ್ರೀನ್. ಹೆಚ್ಚಾಗಿ ಕಾರಣ ಇದರದೇ ಬಳಗದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಅದು ಮೈಯೊಳಗೆ ಸೇರುವ ದಾರಿ ಎಂದರೆ ಮಣ್ಣು ಹೊಕ್ಕ ಆಳದ ಗಾಯ. ಗಾಯದ ಗಾತ್ರಕ್ಕೆ ಮೀರಿದ ನೋವು ಮೊದಲ ಸೂಚನೆ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪೆನಿಸಿಲಿನ್, ಕ್ಲಿಂಡಮೈಸಿನ್ ಎಂಬ ಪ್ರತಿಜೀವಕ ಔಷಧಿ ಕೊಟ್ಟರಷ್ಟೇ ಸಾಲದು. ಸತ್ತ ಸ್ನಾಯುವನ್ನು ಕತ್ತರಿಸಿ ತೆಗೆಯಲೇಬೇಕು. ರಕ್ತ ಹರಿಯದ ಕಡೆಗೆ ಔಷಧಿಯೂ ತಲುಪುವುದಿಲ್ಲ.