ಪೈಲಟ್ ಭಾವನಿಗೆ ಬೇಗ ನಿವೃತ್ತಿಯ ಆಫರ್ ಬಂದಿದೆ, ಒಪ್ಪಿಕೊಳ್ಳಬೇಕಾ?

ನೀವು ಬರೆದಿರುವುದು ಇಷ್ಟು: ಭಾವನಿಗೆ 61 ವರ್ಷ, ಅಮೆರಿಕದ ಒಂದು ಏರ್‌ಲೈನ್ಸ್‌ನಲ್ಲಿ ದೊಡ್ಡ ವಿಮಾನದ ಕ್ಯಾಪ್ಟನ್. ಅವರು ಹಾರಿಸುವ ಮಾದರಿಯ ವಿಮಾನಗಳನ್ನೇ ಕಂಪನಿ ಕೈಬಿಡುತ್ತಿದೆ. ಈಗಲೇ ಬಿಟ್ಟರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಂಬಳವನ್ನು ಕೆಲವು ವರ್ಷ ಕೊಡುತ್ತೇವೆ ಎಂದು ಪತ್ರ ಕೊಟ್ಟಿದೆ. ಅಕ್ಕನಿಗೆ ಗುಬ್ಬಿಯ ತೋಟಕ್ಕೆ ವಾಪಸ್ ಬರುವ ಆಸೆ, ಭಾವನಿಗೆ ಮನಸ್ಸಿಲ್ಲ. ಏನು ಮಾಡಬೇಕು?

ನಾನು ಪೈಲಟ್ ಅಲ್ಲ. ತುಮಕೂರಿನಲ್ಲಿ ತೆರಿಗೆ ರಿಟರ್ನ್ಸ್ ತುಂಬುವ ಕೆಲಸ ನನ್ನದು. ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡವರ ಫೈಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಜೊತೆಗೆ ನಮ್ಮ ಚಿಕ್ಕಮ್ಮನ ಮಗ ಅಮೆರಿಕದಲ್ಲಿ ಪೈಲಟ್ ಆಗಿದ್ದ. 2020ರಲ್ಲಿ ಅವನಿಗೂ ಇಂಥದ್ದೇ ಆಫರ್ ಬಂದಿತ್ತು, ಆಗ ರಾತ್ರಿಯೆಲ್ಲಾ ಫೋನಿನಲ್ಲಿ ಇದೇ ಚರ್ಚೆ.

ಮೊದಲು, ಕಂಪನಿ ಯಾಕೆ ದುಡ್ಡು ಕೊಟ್ಟು ಕಳಿಸುತ್ತದೆ ಅನ್ನುವುದನ್ನು ನೋಡಿ. ಅದೇನು ಪ್ರೀತಿಗಲ್ಲ. ಅಲ್ಲಿ ಎಲ್ಲವೂ ಸೀನಿಯಾರಿಟಿ ಮೇಲೆ ನಡೆಯುತ್ತದೆ. ಯಾವ ವಿಮಾನ, ಯಾವ ರೂಟ್, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಎಲ್ಲಕ್ಕೂ ಪಟ್ಟಿಯಲ್ಲಿ ನಿಮ್ಮ ನಂಬರ್ ಎಷ್ಟು ಅನ್ನುವುದೇ ಲೆಕ್ಕ. ಅತಿ ಜಾಸ್ತಿ ಸಂಬಳ ಪಟ್ಟಿಯ ಮೇಲಿನವರಿಗೆ. ಲೇಆಫ್ ಮಾಡಬೇಕಾದರೆ ಮಾತ್ರ ಕೆಳಗಿನಿಂದ ಶುರು, ಅಂದರೆ ಕಡಿಮೆ ಸಂಬಳದ ಹುಡುಗರು ಮೊದಲು ಹೋಗುತ್ತಾರೆ. ಹಾಗಾಗಿ ಮೇಲಿನವರು ತಾವಾಗಿಯೇ ಎದ್ದು ಹೋದರೆ ಕಂಪನಿಗೆ ಲಾಭ. ನಿಮ್ಮ ಭಾವನ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಅವರ ಮಾದರಿ ವಿಮಾನ ನಿಂತರೆ ಬೇರೆ ಮಾದರಿಗೆ ಮತ್ತೆ ಟ್ರೈನಿಂಗ್ ಕೊಡಬೇಕು, ಸಿಮ್ಯುಲೇಟರ್‌ನಲ್ಲಿ ಕೂರಿಸಬೇಕು. 65 ಆದ ಮೇಲೆ ಅಲ್ಲಿ ಏರ್‌ಲೈನ್ ವಿಮಾನ ಹಾರಿಸುವ ಹಾಗಿಲ್ಲ. ಅದನ್ನು 67 ಮಾಡುವ ಪ್ರಯತ್ನ 2024ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ನಡೆದು, ಆಗಲಿಲ್ಲ. ನಾಲ್ಕು ವರ್ಷ ಉಳಿದವರ ಮೇಲೆ ಅಷ್ಟು ಖರ್ಚು ಯಾಕೆ ಅಂತ ಅವರ ಯೋಚನೆ. ಕೋವಿಡ್ ಬಂದ 2020ರಲ್ಲಿ ಅಮೆರಿಕದ ಡೆಲ್ಟಾ ಏರ್‌ಲೈನ್ಸ್ ತನ್ನ ಬೋಯಿಂಗ್ 777ಗಳನ್ನೆಲ್ಲಾ ಕೈಬಿಟ್ಟಿತು. ಅದೇ ವರ್ಷ ಅಲ್ಲಿನ 1,800ರಷ್ಟು ಪೈಲಟ್‌ಗಳು ಬೇಗ ನಿವೃತ್ತಿ ತಗೊಂಡರು.

ಆಗ ಬಿಟ್ಟವರು ಜಾಣರಾ, ಉಳಿದವರಾ? ನಮ್ಮ ಚಿಕ್ಕಮ್ಮನ ಮಗ ಉಳಿದ. ಅವನಿಗಾಗ 60. ಅವನ ಜೊತೆಗೇ ಸೇರಿದ ಸ್ನೇಹಿತನೊಬ್ಬ ಬಿಟ್ಟ. ಮುಂದಿನ ಎರಡು ವರ್ಷದಲ್ಲಿ ಪ್ರಯಾಣಿಕರು ಮುಗಿಬಿದ್ದು ವಾಪಸ್ ಬಂದರು, ಪೈಲಟ್‌ಗಳೇ ಸಾಲದಾದರು. 2023ರಲ್ಲಿ ಡೆಲ್ಟಾ ಪೈಲಟ್‌ಗಳ ಹೊಸ ಒಪ್ಪಂದದಲ್ಲಿ ನಾಲ್ಕು ವರ್ಷಕ್ಕೆ ಒಟ್ಟು 34% ಏರಿಕೆ ಸಿಕ್ಕಿತು, ಬೇರೆ ಕಂಪನಿಗಳೂ ಹಿಂದೆಯೇ ಏರಿಸಿದವು. ಬಿಟ್ಟವನು ಕೈ ಕೈ ಹಿಸುಕಿಕೊಂಡ.

ಆದರೆ ಇದನ್ನೇ ನಂಬಿಕೊಂಡು ಕೂರಬೇಡಿ. 2004-05ರಲ್ಲಿ ಕಥೆ ಉಲ್ಟಾ ಆಗಿತ್ತು. ಆಗ ಡೆಲ್ಟಾ ಪೈಲಟ್‌ಗಳಿಗೆ ನಿವೃತ್ತಿಯಾಗುವಾಗ ಪಿಂಚಣಿಯ ಅರ್ಧವನ್ನು ಇಡುಗಂಟಾಗಿ ತೆಗೆದುಕೊಳ್ಳಲು ಅವಕಾಶವಿತ್ತು. ಕಂಪನಿ ಮುಳುಗುತ್ತದೆ ಅನ್ನುವ ಭಯಕ್ಕೆ ನೂರಾರು ಜನ ವಯಸ್ಸಿಗೆ ಮೊದಲೇ ಬಿಟ್ಟು ದುಡ್ಡು ತಗೊಂಡು ಹೋದರು. 2005ರಲ್ಲಿ ಡೆಲ್ಟಾ ದಿವಾಳಿ ಅರ್ಜಿ ಹಾಕಿತು. ಮುಂದಿನ ವರ್ಷ ಪೈಲಟ್‌ಗಳ ಪಿಂಚಣಿ ಯೋಜನೆಯೇ ರದ್ದಾಗಿ ಸರ್ಕಾರಿ ವಿಮಾ ಸಂಸ್ಥೆಯ ಕೈಗೆ ಹೋಯಿತು. ಆ ಸಂಸ್ಥೆ ಕೊಡುವುದಕ್ಕೆ ಮಿತಿ ಇದೆ, ಕ್ಯಾಪ್ಟನ್‌ಗಳ ಪಿಂಚಣಿ ಅದಕ್ಕಿಂತ ಎಷ್ಟೋ ಮೇಲಿತ್ತು. ಅಲ್ಲಿ ಉಳಿದವರು ಕಳೆದುಕೊಂಡರು.

ಹಾಗಾಗಿ ಪತ್ರದಲ್ಲಿ ಬರೆದಿರುವ ಮೊತ್ತಕ್ಕಿಂತ ಮೊದಲು ನಾನು ನೋಡುವುದು, ಉಳಿದ ವರ್ಷಗಳ ಜೊತೆ ಏನೇನು ಅಂಟಿಕೊಂಡಿದೆ ಅನ್ನುವುದನ್ನು. ಇಲ್ಲಿ ಜನ ಅತಿ ಕಡಿಮೆ ಯೋಚಿಸುವುದು ಮೆಡಿಕಲ್ ಬಗ್ಗೆ, ಅಂದರೆ ಹಾರಲು ಫಿಟ್ ಅನ್ನುವ ವೈದ್ಯಕೀಯ ಸರ್ಟಿಫಿಕೇಟ್ ಬಗ್ಗೆ. 60 ದಾಟಿದ ಪೈಲಟ್‌ಗೆ ಆರು ತಿಂಗಳಿಗೊಮ್ಮೆ ಮೆಡಿಕಲ್ ಆಗಬೇಕು. ಇಸಿಜಿಯಲ್ಲಿ ಒಂದು ಗೆರೆ ಆಚೀಚೆ ಆದರೂ ಸಾಕು, ಹಾರಾಟ ನಿಲ್ಲುತ್ತದೆ. ‘ಯಾವತ್ತಿದ್ದರೂ ಮೆಡಿಕಲ್ ಹೋಗೋದೇ, ಮರ್ಯಾದೆಯಾಗಿ ಈಗಲೇ ಬಿಡೋಣ’ ಅಂತ ಹಲವರು ಅಂದುಕೊಳ್ಳುತ್ತಾರೆ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಲೆಕ್ಕ ಮಾತ್ರ ಎಷ್ಟೋ ಸಲ ತಿರುಗುಮುರುಗು. ಕೆಲಸದಲ್ಲಿ ಇರುವಾಗ ಮೆಡಿಕಲ್ ಹೋದರೆ ಮೊದಲು ಕೂಡಿಟ್ಟ ಸಿಕ್ ಲೀವ್ ಇರುತ್ತದೆ. ಅದು ಮುಗಿದರೆ ದೊಡ್ಡ ಕಂಪನಿಗಳಲ್ಲಿ ಡಿಸೆಬಿಲಿಟಿ ವಿಮೆ ಶುರುವಾಗಿ ತಿಂಗಳು ತಿಂಗಳು ಸಂಬಳದ ಒಂದು ಪಾಲು ಬರುತ್ತದೆ. ರಾಜೀನಾಮೆಗೆ ಸಹಿ ಹಾಕಿದ ಮಾರನೇ ದಿನ ಎದೆನೋವು ಬಂದರೆ ಇದ್ಯಾವುದೂ ಇಲ್ಲ. ಅಂದರೆ ಭಾವನಿಗೆ ಬಿಪಿ, ಶುಗರ್, ಹೃದಯದ ತೊಂದರೆ ಏನಾದರೂ ಇದ್ದರೆ ಅದು ಬೇಗ ಬಿಡುವುದಕ್ಕೆ ಕಾರಣವಲ್ಲ, ಬಿಡದೇ ಇರುವುದಕ್ಕೇ ಕಾರಣ ಆಗಬಹುದು. ಚಿಕ್ಕಮ್ಮನ ಮಗ ಉಳಿದದ್ದು ಇದೇ ಲೆಕ್ಕದ ಮೇಲೆ. ಕೂಡಿಟ್ಟ ಸಿಕ್ ಲೀವ್ ಗಂಟೆಗಳನ್ನೆಲ್ಲಾ ಒಂದು ಹಾಳೆಯಲ್ಲಿ ಬರೆದು, ಫೋಟೋ ತೆಗೆದು ನನಗೆ ಕಳಿಸಿದ್ದ. ಆಫರ್ ಒಪ್ಪಿದ್ದರೆ ಅದರಲ್ಲಿ ಎಷ್ಟು ಹೋಗುತ್ತಿತ್ತು ಅಂತ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಸಲ ಗೆರೆ ಎಳೆದಿದ್ದ.

ಆರೋಗ್ಯ ವಿಮೆ ಎರಡನೇದು. ಅಮೆರಿಕದಲ್ಲಿ ಸರ್ಕಾರದ ಮೆಡಿಕೇರ್ 65ಕ್ಕೆ ಶುರು. ಅಲ್ಲಿಯವರೆಗೆ ಕಂಪನಿ ವಿಮೆ ಮುಂದುವರಿಸುತ್ತದಾ, ಅಕ್ಕನಿಗೂ ಸೇರಿಸುತ್ತದಾ, ಪ್ರೀಮಿಯಂ ಯಾರು ಕಟ್ಟುವುದು ಅಂತ ಕೇಳಿ. ಗುಬ್ಬಿಗೆ ಬಂದು ನೆಲೆಸುವುದಾದರೆ ಇನ್ನೂ ಒಂದು ವಿಷಯ: ಮೆಡಿಕೇರ್ ಸಾಮಾನ್ಯವಾಗಿ ಹೊರದೇಶದ ಆಸ್ಪತ್ರೆ ಬಿಲ್ ಕೊಡುವುದಿಲ್ಲ. ಇಲ್ಲಿ ಬೇರೆ ಪಾಲಿಸಿ ಮಾಡಿಸಬೇಕು, 60 ದಾಟಿದವರಿಗೆ ಪ್ರೀಮಿಯಂ ಕೇಳಿದರೆ ತಲೆ ತಿರುಗುತ್ತದೆ.

ನಮ್ಮೂರಿನ ವಿಆರ್‌ಎಸ್‌ಗೂ ಇದಕ್ಕೂ ಹೋಲಿಸುವವರು ತುಂಬಾ ಜನ. ಎಚ್‌ಎಂಟಿ ಗಡಿಯಾರದ ಕಾರ್ಖಾನೆಯವರನ್ನು ನೋಡಿ, ಬಿಎಸ್‌ಎನ್‌ಎಲ್‌ನವರನ್ನು ನೋಡಿ ಅಂತಾರೆ. ಸುಮ್ನೆ ಹೋಲಿಸಬೇಡಿ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು, ಅಲ್ಲಿ ಆಯ್ಕೆ ಅನ್ನುವುದು ಹೆಸರಿಗೆ ಮಾತ್ರ. ಬಿಎಸ್‌ಎನ್‌ಎಲ್‌ನಲ್ಲಿ 2019ರ ಕೊನೆಗೆ 78,000ಕ್ಕೂ ಹೆಚ್ಚು ಜನ ಒಪ್ಪಿದರು. ಆದರೆ ಅವರಿಗೆ ಪರಿಹಾರದ ಮೊತ್ತದ ಜೊತೆ ಪಿಂಚಣಿಯೂ ಇತ್ತು. ನನ್ನ ಆಫೀಸಿಗೆ ಬಂದವರಲ್ಲಿ ಚೆನ್ನಾಗಿರುವವರು ಜಾಸ್ತಿ ದುಡ್ಡು ಸಿಕ್ಕವರಲ್ಲ, ತಿಂಗಳು ತಿಂಗಳು ಬರುವವರು. ಇಡುಗಂಟು ಬಂದ ವಾರವೇ ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಬುಕ್ ಹಿಡಿದು ಬರುತ್ತಾರೆ, ಹಿಂದೆಯೇ ಸೈಟ್ ತೋರಿಸುವ ನೆಂಟ ಒಬ್ಬ. ಆರು ತಿಂಗಳಿಗೆ ಪಾಸ್‌ಬುಕ್ ಖಾಲಿ, ಸೈಟಿಗೆ ಖಾತೆಯೂ ಆಗಿರುವುದಿಲ್ಲ.

ಈಗ ತೋಟದ ವಿಷಯ. ಅಕ್ಕ ಬೇಜಾರು ಮಾಡಿಕೊಳ್ಳಬಾರದು, ತೋಟವನ್ನು ಆದಾಯ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಬೋರ್‌ವೆಲ್ ಕೈಕೊಟ್ಟ ವರ್ಷ ಅಡಿಕೆ ತೋಟ ದುಡ್ಡು ಕೊಡುವುದಿಲ್ಲ, ಕೇಳುತ್ತದೆ. ಮೂವತ್ತು ವರ್ಷ ಆಕಾಶದಲ್ಲಿದ್ದ ಮನುಷ್ಯ ಬಂದು ಕಾಯಿ ಕೀಳಿಸುವವರ ಜೊತೆ ಕೂಲಿ ಚೌಕಾಸಿ ಮಾಡುತ್ತಾರಾ ಅನ್ನುವುದನ್ನೂ ಯೋಚಿಸಿ. ಭಾವನಿಗೆ ವಿಮಾನದ ಹುಚ್ಚು ಬಿಡದಿದ್ದರೆ ಸಿಮ್ಯುಲೇಟರ್‌ನಲ್ಲಿ ಕಲಿಸುವ ಕೆಲಸ ಇದೆ, ಅದಕ್ಕೆ ಹಾರಾಟದ ಮೆಡಿಕಲ್ ಬೇಕಿಲ್ಲ. ಅಂಥ ತರಬೇತಿ ಕೇಂದ್ರ ಬೆಂಗಳೂರಿನಲ್ಲೂ ಇದೆ. ಆಫರ್‌ನಲ್ಲಿ ‘ಬೇರೆ ಕಡೆ ಕೆಲಸ ಮಾಡಬಾರದು’ ಅನ್ನುವ ಷರತ್ತು ಇದೆಯಾ ನೋಡಿಕೊಳ್ಳಿ.

ತೆರಿಗೆ ಬಗ್ಗೆ ಒಂದೇ ಮಾತು. ತುಂಬಾ ವರ್ಷ ಅನಿವಾಸಿಯಾಗಿದ್ದು ವಾಪಸ್ ಬಂದವರಿಗೆ ಮೊದಲ ಎರಡು ಮೂರು ವರ್ಷ ಸಾಮಾನ್ಯವಾಗಿ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ) ಅನ್ನುವ ತೆರಿಗೆ ಸ್ಥಾನ ಸಿಗುತ್ತದೆ. ಆಗ ಹೊರದೇಶದಲ್ಲೇ ಹುಟ್ಟಿ, ಅಲ್ಲಿನ ಖಾತೆಗೇ ಜಮೆಯಾಗುವ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಅಮೆರಿಕದ ತೆರಿಗೆ ಮಾತ್ರ ಅವರನ್ನು ಬಿಡುವುದಿಲ್ಲ. ನಮ್ಮಲ್ಲಿ ವಿಆರ್‌ಎಸ್‌ಗೆ 5 ಲಕ್ಷದ ವಿನಾಯಿತಿ ಇದೆಯಲ್ಲಾ, ಅದನ್ನು ಈ ಲೆಕ್ಕಕ್ಕೆ ಎಳೆದು ತರಬೇಡಿ.

ನನ್ನನ್ನು ಕೇಳಿದರೆ: 65ರವರೆಗೂ ತಿಂಗಳು ತಿಂಗಳು ಸಂಬಳ, ಜೊತೆಗೆ ಇಬ್ಬರಿಗೂ ಆರೋಗ್ಯ ವಿಮೆ, ಇವೆರಡೂ ಪತ್ರದಲ್ಲೇ ಬರೆದಿದ್ದರೆ 61ಕ್ಕೆ ಒಪ್ಪಿಕೊಳ್ಳಬಹುದು. ಕೆಲವೇ ವರ್ಷದ ಸಂಬಳ, ವಿಮೆ ಅರ್ಧಕ್ಕೆ ನಿಲ್ಲುತ್ತದೆ ಅಂದರೆ ಬೇಡ, ಹೊಸ ಮಾದರಿಯ ಟ್ರೈನಿಂಗ್‌ಗೆ ಹೋಗಲಿ. ಕಂಪನಿಯ ಸ್ಥಿತಿಯೇ ಅಲ್ಲಾಡುತ್ತಿದ್ದರೆ ಕಂತಿಗಿಂತ ಇಡುಗಂಟು ವಾಸಿ, ಸೈಟ್ ತೋರಿಸುವ ನೆಂಟರನ್ನು ನೀವು ನೋಡಿಕೊಳ್ಳಿ.

ಅವಸರ ಬೇಡ. ಹೀಗೆ ಗುಂಪಿಗೆ ಆಫರ್ ಕೊಟ್ಟು, ಮುಂದೆ ವಯಸ್ಸಿನ ತಾರತಮ್ಯದ ದಾವೆ ಹಾಕುವುದಿಲ್ಲ ಅಂತ ಬರೆಸಿಕೊಳ್ಳುವಾಗ, 40 ದಾಟಿದವರಿಗೆ ಯೋಚಿಸಲು ಕನಿಷ್ಠ 45 ದಿನ ಕೊಡಬೇಕು ಅಂತ ಅಮೆರಿಕದಲ್ಲಿ ಕಾನೂನಿದೆ. ಸಹಿ ಹಾಕಿದ ಮೇಲೂ 7 ದಿನದೊಳಗೆ ವಾಪಸ್ ತೆಗೆದುಕೊಳ್ಳಬಹುದು. ಭಾವ ಮೊದಲು ಯೂನಿಯನ್‌ನಲ್ಲಿ ನಿವೃತ್ತಿ, ವಿಮೆ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಡಿಸೆಬಿಲಿಟಿ ಪಾಲಿಸಿಯ ಪ್ರತಿ ತರಿಸಿಕೊಳ್ಳಲಿ. ಅದು ಕೈಗೆ ಬರುವವರೆಗೆ ಪೆನ್ನು ಮುಟ್ಟಬೇಡಿ ಅಂತ ಹೇಳಿ.